‘ಸಾಧ್ಯತೆ ಹೆಚ್ಚು’ ಎಂದರೆ ‘ಇದೆ’ ಎಂದಲ್ಲ

ಇವತ್ತು ಆಡಿಟ್‌ಗೆ ಬಂದ ಒಂದು ಚಾರ್ಟ್ ನೋಡಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ನಾನು ಅಮೆರಿಕದ ಆಸ್ಪತ್ರೆಗಳ ದಾಖಲೆಗಳಿಗೆ ಕೋಡ್ ಹಾಕುವವಳು, ಅಂದರೆ ರೋಗಕ್ಕೂ ಪರೀಕ್ಷೆಗೂ ಕೋಡ್ ಪುಸ್ತಕದಲ್ಲಿರುವ ಅಕ್ಷರ-ಅಂಕಿಗಳ ಗುರುತು ನಮೂದಿಸುವವಳು, ಅದರಲ್ಲೂ ಗರ್ಭಿಣಿಯರ ಚಾರ್ಟ್‌ಗಳೇ ನನ್ನ ಪಾಲಿಗೆ ಬರುತ್ತವೆ ಎಂಬುದು ನಿಮಗೆ ಗೊತ್ತೇ ಇದೆ. ಯಾರ ಗುರುತೂ ಸಿಗದ ಹಾಗೆ ತಪ್ಪನ್ನಷ್ಟೇ ಹೇಳುತ್ತೇನೆ.

ಇಪ್ಪತ್ನಾಲ್ಕನೇ ವಾರದ ಮಾಮೂಲಿ ಭೇಟಿ. ರಕ್ತದೊತ್ತಡ ಸರಿಯಿದೆ, ಮಗುವಿನ ಎದೆಬಡಿತ ಸರಿಯಿದೆ. ಕೋಡ್‌ಗಳ ಸಾಲಿನಲ್ಲಿ ಮಾತ್ರ ಕ್ಯೂ90.9 ಎಂದಿದೆ. ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಕ್ಯೂ90.9 ಅಂದರೆ ಆ ಚಾರ್ಟ್ ಯಾರದೋ ಅವರಿಗೇ ಡೌನ್ ಸಿಂಡ್ರೋಮ್ (21ನೇ ವರ್ಣತಂತು, ಅಂದರೆ ಕ್ರೋಮೋಸೋಮ್, ಒಂದು ಹೆಚ್ಚಿಗೆ ಇರುವ ಹುಟ್ಟಿನಿಂದ ಬರುವ ಸ್ಥಿತಿ) ಇದೆ ಎಂದು. ಇದು ತಾಯಿಯ ಚಾರ್ಟ್!

ಹಿಂದಿನ ಭೇಟಿಗಳನ್ನು ಒಂದೊಂದಾಗಿ ತೆರೆಯುತ್ತಾ ಹೋದೆ. ಹನ್ನೆರಡನೇ ವಾರದಲ್ಲಿ ಬೇರು ಸಿಕ್ಕಿತು. ಆಗ ಎನ್‌ಐಪಿಟಿ ಎಂಬ, ತಾಯಿಯ ರಕ್ತದಲ್ಲಿನ ಡಿಎನ್‌ಎ ನೋಡುವ ಪರೀಕ್ಷೆ ಮಾಡಿಸಿದ್ದಾರೆ. ‘ಟ್ರೈಸೋಮಿ 21: ಸಾಧ್ಯತೆ ಹೆಚ್ಚು’ ಎಂದು ವರದಿ ಬಂದಿದೆ. ಟ್ರೈಸೋಮಿ 21 ಎಂಬುದು ಡೌನ್ ಸಿಂಡ್ರೋಮ್‌ನದೇ ಇನ್ನೊಂದು ಹೆಸರು. ಇದು ಸ್ಕ್ರೀನಿಂಗ್ ಮಾತ್ರ, ಖಚಿತಪಡಿಸಿಕೊಳ್ಳಲು ಬೇರೆ ಪರೀಕ್ಷೆ ಬೇಕು ಎಂಬ ಸಾಲೂ ಅದರ ಕೆಳಗೇ ಇದೆ. ವೈದ್ಯರ ಟಿಪ್ಪಣಿಗೆ ಬರುವಷ್ಟರಲ್ಲಿ ಅಷ್ಟೂ ವರದಿ ಎರಡು ಪದಗಳಾಗಿದೆ: ‘ಡೌನ್ ಸಿಂಡ್ರೋಮ್’. ಕೋಡರ್ ಆ ಎರಡು ಪದಗಳನ್ನು ಹುಡುಕಿ, ಮೊದಲು ಸಿಕ್ಕಿದ್ದನ್ನು ಹಾಕಿ ಮುಂದಿನ ಚಾರ್ಟ್‌ಗೆ ಹೋಗಿದ್ದಾರೆ. ಹದಿನೆಂಟನೇ ವಾರದಲ್ಲಿ ಆಮ್ನಿಯೋ, ಅಂದರೆ ಗರ್ಭಜಲ ಪರೀಕ್ಷೆಯ ಫಲಿತಾಂಶ ಬಂದಿದೆ. ಮಗುವಿನ ವರ್ಣತಂತುಗಳು ನಲವತ್ತಾರು, ಎಲ್ಲವೂ ಸಹಜ. ಆ ಫಲಿತಾಂಶ ಒಂದು ಮೂಲೆಯಲ್ಲಿ ಕುಳಿತಿದೆ. ಸಮಸ್ಯೆಗಳ ಪಟ್ಟಿಯಲ್ಲಿ ‘ಡೌನ್ ಸಿಂಡ್ರೋಮ್’ ಹಾಗೆಯೇ ಉಳಿದು, ಭೇಟಿಯಿಂದ ಭೇಟಿಗೆ ನಕಲಾಗುತ್ತಾ ಬಂದಿದೆ.

ಸ್ಕ್ರೀನಿಂಗ್ ರೋಗನಿರ್ಣಯವಲ್ಲ. ಈ ಮಾತನ್ನು ಎಷ್ಟು ಸಲ ಹೇಳಬೇಕು? ಎನ್‌ಐಪಿಟಿಯಲ್ಲಿ ನೋಡುವ ಡಿಎನ್‌ಎ ಬರುವುದು ಹೆಚ್ಚಾಗಿ ಮಾಸಿನಿಂದ (ಪ್ಲಾಸೆಂಟಾ), ನೇರವಾಗಿ ಮಗುವಿನಿಂದಲ್ಲ. ಮಾಸಿನ ಜೀವಕೋಶಗಳಲ್ಲಿ ದೋಷವಿದ್ದು ಮಗುವಿನಲ್ಲಿ ಇಲ್ಲದಿರಬಹುದು. ಅದಕ್ಕಾಗಿಯೇ ಹದಿನೈದು ವಾರ ಕಳೆದ ಮೇಲೆ ಗರ್ಭಜಲ ತೆಗೆದು ನೋಡುವುದು. ಕೋಡ್ ಪುಸ್ತಕಕ್ಕೂ ಈ ವ್ಯತ್ಯಾಸ ಗೊತ್ತಿದೆ. 2017ರ ಅಕ್ಟೋಬರ್‌ಗೆ ಮೊದಲು ಗರ್ಭಿಣಿಯ ಸ್ಕ್ರೀನಿಂಗ್‌ಗೆಲ್ಲ ಝಡ್36 ಎಂಬ ಒಂದೇ ಕೋಡ್ ಇತ್ತು. ಆಮೇಲೆ ಅದನ್ನು ಒಡೆದು, ವರ್ಣತಂತು ದೋಷ ಹುಡುಕಿದರೆ ಝಡ್36.0, ಮಗುವಿನ ಕತ್ತಿನ ಹಿಂಭಾಗದಲ್ಲಿ ತುಂಬಿರುವ ದ್ರವದ ದಪ್ಪ (ಎನ್‌ಟಿ) ಅಳೆದರೆ ಝಡ್36.82 ಎಂದು ಬೇರೆಬೇರೆ ಮಾಡಿದರು. ಸ್ಕ್ರೀನಿಂಗ್‌ನಲ್ಲಿ ಅಸಹಜವಾದದ್ದು ಕಂಡರೆ ಅದಕ್ಕೆ ಓ28 ಇದೆ. ಈ ತಾಯಿಗೆ ಹನ್ನೆರಡನೇ ವಾರದಲ್ಲಿ ಸಲ್ಲಬೇಕಾಗಿದ್ದದ್ದು ಓ28.5, ಜೊತೆಗೆ ವಾರ ತಿಳಿಸುವ ಝಡ್3ಎ.12. ಹುಡುಕಿದ್ದು ಬೇರೆ, ಕಂಡದ್ದು ಬೇರೆ, ಇರುವುದು ಬೇರೆ. ಮೂರಕ್ಕೂ ಜಾಗ ಮಾಡಿಕೊಟ್ಟಿರುವಾಗ ಮೂರನ್ನೂ ಒಂದೇ ಗುಂಡಿಗೆ ಸುರಿಯುವುದೇಕೆ?

ವೈದ್ಯರಿಗೆ ಸಮಯವಿರುವುದಿಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಇರುವುದಿಲ್ಲ, ಒಪ್ಪುತ್ತೇನೆ. ಆದರೆ ‘ಎನ್‌ಐಪಿಟಿಯಲ್ಲಿ ಸಾಧ್ಯತೆ ಹೆಚ್ಚು, ಖಚಿತವಾಗಿಲ್ಲ’ ಎಂದು ಬರೆಯಲು ಎಷ್ಟು ಹೊತ್ತು ಬೇಕು? ಅಷ್ಟೂ ಆಗದಿದ್ದರೆ ವರದಿ ತೆರೆದು ನೋಡುವುದು, ವೈದ್ಯರಿಗೆ ಕ್ವೆರಿ, ಅಂದರೆ ಸ್ಪಷ್ಟನೆ ಕೇಳುವ ಪ್ರಶ್ನೆ, ಕಳಿಸುವುದು ನಮ್ಮ ಕೆಲಸ. ಹೊರರೋಗಿಯ ಚಾರ್ಟ್‌ನಲ್ಲಿ ‘ಇರಬಹುದು’, ‘ಶಂಕೆ’ ಎಂದಿರುವುದನ್ನು ‘ಇದೆ’ ಎಂದು ಕೋಡ್ ಮಾಡಬಾರದೆಂಬುದು ಈ ಕೆಲಸಕ್ಕೆ ಸೇರಿದವರು ಮೊದಲು ಕಲಿಯುವ ಪಾಠ. ಕೋಡ್ ಎನ್ನುವುದು ವಿಮಾ ಕಂಪನಿಯಿಂದ ಹಣ ಬರಲಿಕ್ಕೆ ಮಾತ್ರ ಎಂಬ ಇನ್ನೊಂದು ವಾದವನ್ನಂತೂ ನಾನು ಕೇಳಲಿಕ್ಕೂ ತಯಾರಿಲ್ಲ. 2021ರ ಏಪ್ರಿಲ್‌ನಿಂದ ಅಲ್ಲಿನ ರೋಗಿಗಳು ತಮ್ಮ ಟಿಪ್ಪಣಿಗಳನ್ನು ತಡವಿಲ್ಲದೆ ಮೊಬೈಲ್‌ನಲ್ಲೇ ಓದಬಹುದು. ಆ ಹೆಣ್ಣುಮಗಳು ರಾತ್ರಿ ಮಲಗುವ ಮುನ್ನ ಅದನ್ನು ತೆರೆದಿದ್ದರೆ?

ನನಗೆ ಇಷ್ಟು ಸಿಟ್ಟು ಏಕೆ ಬರುತ್ತದೆ ಎಂದು ಕೆಲವರು ಕೇಳುತ್ತಾರೆ. ಇದುವರೆಗೆ ಎಲ್ಲಿಯೂ ಬರೆದಿರಲಿಲ್ಲ, ಇವತ್ತು ಬರೆಯುತ್ತೇನೆ. ನಾನು ಗರ್ಭಿಣಿಯಾಗಿದ್ದಾಗ ನನ್ನ ಕ್ವಾಡ್ರುಪಲ್ ಪರೀಕ್ಷೆಯಲ್ಲಿಯೂ (ತಾಯಿಯ ರಕ್ತದ ನಾಲ್ಕು ಅಂಶಗಳನ್ನು ಅಳೆಯುವ ಸ್ಕ್ರೀನಿಂಗ್) ‘ಸಾಧ್ಯತೆ ಹೆಚ್ಚು’ ಎಂದು ಬಂದಿತ್ತು. ಆಗ ನನಗೆ ಹದಿನೈದು ವಾರ. ಲ್ಯಾಬ್‌ಗೆ ಹೋದ ಕಾಗದದಲ್ಲಿ ಹದಿನೇಳು ಎಂದು ಬರೆದಿದ್ದರು. ಮೊದಲ ಸ್ಕ್ಯಾನ್‌ನಲ್ಲೇ ದಿನಾಂಕ ತಿದ್ದಿದ್ದರೂ ಮುಟ್ಟಿನ ಲೆಕ್ಕವನ್ನೇ ಇಳಿಸಿಕೊಂಡಿದ್ದರು. ಆ ವಾರಗಳಲ್ಲಿ ತಾಯಿಯ ರಕ್ತದಲ್ಲಿ ಎಎಫ್‌ಪಿ ಎಂಬ ಪ್ರೋಟೀನ್ ಏರುತ್ತಾ ಹೋಗುತ್ತದೆ, ಎಚ್‌ಸಿಜಿ ಎಂಬ ಹಾರ್ಮೋನ್ ಇಳಿಯುತ್ತಾ ಬರುತ್ತದೆ. ಹದಿನೈದನೇ ವಾರದ ರಕ್ತವನ್ನು ಹದಿನೇಳನೇ ವಾರದ ಅಳತೆಗೋಲಿನಲ್ಲಿ ಅಳೆದರೆ ಎಎಫ್‌ಪಿ ಕಡಿಮೆ, ಎಚ್‌ಸಿಜಿ ಹೆಚ್ಚು ಎಂದೇ ಕಾಣುತ್ತದೆ. ಡೌನ್ ಸಿಂಡ್ರೋಮ್ ಶಂಕೆ ಹುಟ್ಟುವುದೂ ಆ ಲಕ್ಷಣಗಳಿಂದಲೇ. ವಾರ ತಿದ್ದಿ ಮತ್ತೆ ಲೆಕ್ಕ ಹಾಕಿದಾಗ ಸಾಧ್ಯತೆ ಕಡಿಮೆ ಎಂದು ಬಂತು. ಅಷ್ಟರಲ್ಲಿ ಒಂಬತ್ತು ದಿನ ಕಳೆದಿದ್ದವು. ಆ ಒಂಬತ್ತು ದಿನ ನಾನು ಹೊಟ್ಟೆಯ ಮೇಲೆ ಕೈ ಇಡಲಿಲ್ಲ. ಇಡಲು ಹೆದರಿಕೆಯಾಗುತ್ತಿತ್ತು. ನನ್ನ ಮಗಳಿಗೆ ಇದನ್ನು ಎಂದಾದರೂ ಹೇಳಬೇಕೋ ಬೇಡವೋ ಇನ್ನೂ ತಿಳಿದಿಲ್ಲ.

ಅದೂ ಒಂದು ಅಂಕಿಯ ತಪ್ಪು. ಬರೆದವರಿಗೆ ಅರೆಕ್ಷಣದ ಕೆಲಸ.

ಇನ್ನೊಂದು ಮಾತು ಹೇಳದೆ ಇರಲಾರೆ. ಹೆರಿಗೆಯ ಹೊತ್ತಿಗೆ 35 ತುಂಬುವ ಹೆಣ್ಣಿಗೆ ಕೋಡ್ ಪುಸ್ತಕ ಇಂದಿಗೂ ‘ವಯಸ್ಸಾದ ಗರ್ಭಿಣಿ’ ಎಂದೇ ಹೆಸರಿಟ್ಟಿದೆ. ಓ09.5 ಎಂದು ಹಾಕುವಾಗಲೆಲ್ಲ ಕೈ ಹಿಂಜರಿಯುತ್ತದೆ. ಆದರೆ ಅದು ನಿಯಮ, ಹಾಕುತ್ತೇನೆ. ಕ್ಯೂ90.9 ಹಾಕುವುದು ಯಾವ ನಿಯಮವೂ ಅಲ್ಲ.

ಮಧ್ಯಾಹ್ನ ಆ ಚಾರ್ಟ್‌ಗೆ ಕೋಡ್ ಹಾಕಿದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹನ್ನೆರಡನೇ ವಾರದಿಂದ ಎಲ್ಲವನ್ನೂ ತೋರಿಸಿದೆ. ಸೇರಿ ನಾಲ್ಕು ತಿಂಗಳಾಗಿದೆಯಷ್ಟೆ. ‘ಮೇಡಂ, ಟಿಪ್ಪಣಿಯಲ್ಲಿ ಹಾಗೆಯೇ ಇತ್ತು’ ಎಂದಳು. ಇತ್ತು, ನಿಜ. ಆಮ್ನಿಯೋ ವರದಿ ತೆರೆದು ತೋರಿಸಿದಾಗ ಅವಳ ಕಣ್ಣು ತುಂಬಿತು. ಬೈಯಲು ಮನಸ್ಸಾಗಲಿಲ್ಲ. ವಿಮಾ ಕಂಪನಿಗೆ ಹೋದ ತಪ್ಪು ಕ್ಲೇಮ್‌ಗಳನ್ನೆಲ್ಲ ತಿದ್ದಿ ಕಳಿಸಲು ಇಬ್ಬರೂ ಕುಳಿತು ಪಟ್ಟಿ ಮಾಡಿದೆವು. ಸಮಸ್ಯೆಗಳ ಪಟ್ಟಿಯಿಂದ ಆ ಎರಡು ಪದಗಳನ್ನು ತೆಗೆಯುವಂತೆ ವೈದ್ಯರಿಗೆ ಕ್ವೆರಿ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ಇಪ್ಪತ್ತೆಂಟನೇ ವಾರದ ಚಾರ್ಟ್ ಬಂದ ದಿನ ಮೊದಲು ಆ ಪಟ್ಟಿಯನ್ನೇ ತೆರೆಯುತ್ತೇನೆ.