ನಮ್ಮ ಮನೇಲಿ ಯಾರಿಗೂ ಲೆಕ್ಕ ಬರಲ್ಲ!

ಜೂನ್‌ನಲ್ಲಿ ಶಾಲೆ ಶುರುವಾಗಿ ಇನ್ನೂ ವಾರವಾಗಿತ್ತಷ್ಟೇ. ಮಗಳನ್ನು ಕರೆತರಲು ಹೋದಾಗ ಹೊಸ ಲೆಕ್ಕದ ಮಿಸ್ ಸಿಕ್ಕರು. ನಾನು ಸುಮ್ನಿರಬೇಕಿತ್ತು. 'ಇವಳು ಲೆಕ್ಕದಲ್ಲಿ ಸ್ವಲ್ಪ ವೀಕು ಮಿಸ್, ನಮ್ಮ ಮನೇಲಿ ಯಾರಿಗೂ ಲೆಕ್ಕ ಬರಲ್ಲ' ಎಂದು ನಕ್ಕುಬಿಟ್ಟೆ. ಅವಳು ನನ್ನ ಕೈ ಹಿಡಿದು ಅಲ್ಲೇ ನಿಂತಿದ್ದಳು.

ಅಂದು ಸಂಜೆ ಭಾಗಾಕಾರದ ಪುಸ್ತಕ ಮುಚ್ಚಿಟ್ಟು, 'ನಮ್ಮನೇಲಿ ಯಾರಿಗೂ ಬರಲ್ವಲ್ಲ' ಅಂದಳು.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ರೋಸೆಂಥಾಲ್ ಮತ್ತು ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಲೆನೋರ್ ಜೇಕಬ್ಸನ್ 1960ರ ದಶಕದಲ್ಲಿ ಒಂದು ಆಟ ಹೂಡಿದ್ದರು. ಕಣ್ಣುಮುಚ್ಚಿ ಆರಿಸಿದ ಕೆಲವು ಮಕ್ಕಳ ಹೆಸರು ಕೊಟ್ಟು, 'ಇವರು ಈ ವರ್ಷ ಚೆನ್ನಾಗಿ ಮುಂದೆ ಬರುತ್ತಾರೆ' ಎಂದು ಶಿಕ್ಷಕರಿಗೆ ಹೇಳಿದರು. ವರ್ಷದ ಕೊನೆಗೆ ಒಂದನೇ, ಎರಡನೇ ತರಗತಿಯ ಆ ಮಕ್ಕಳು ಬುದ್ಧಿ ಅಳೆಯುವ ಪರೀಕ್ಷೆಯಲ್ಲಿ ನಿಜಕ್ಕೂ ಮುಂದೆ ಬಂದಿದ್ದರು. ದೊಡ್ಡ ತರಗತಿಗಳಲ್ಲಿ ಅಷ್ಟೇನೂ ಕಾಣಲಿಲ್ಲ. 1968ರಲ್ಲಿ ಇದು ಪ್ರಕಟವಾದಾಗ ಆ ಪರೀಕ್ಷೆಯೇ ಸರಿಯಿಲ್ಲ ಎಂದು ಜಗಳವಾಯಿತು.

ನನಗೆ ಚುಚ್ಚಿದ್ದು ಆಮೇಲಿನ ಸಂಗತಿ. ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ, ಶಿಕ್ಷಕರಿಗೆ ಮಗುವಿನ ಪರಿಚಯವಾಗಿ ಎರಡು ವಾರ ದಾಟಿದ್ದರೆ ಹೊರಗಿನವರ ಮಾತು ಅಷ್ಟಾಗಿ ನಾಟಿರಲಿಲ್ಲ. ಅಂದರೆ ನಾನು ಬಾಯಿಬಿಟ್ಟಿದ್ದು ಸರಿಯಾಗಿ ಕೆಡಿಸುವ ಹೊತ್ತಿನಲ್ಲೇ! ಜೂನ್‌ನ ಸ್ಟಾಫ್ ರೂಮಿನಲ್ಲಿ 'ಅವನಾ? ದಂಡ ಕಣ್ರೀ' ಎಂದು ಹಳೆಯ ಟೀಚರ್ ಹೊಸಬರಿಗೆ ಒಪ್ಪಿಸುವುದೂ ಆಗಲೇ ಅಲ್ವಾ?

ನಮ್ಮ ದೇಶದಲ್ಲಿ ಇಂಥ ಹಣೆಪಟ್ಟಿ ಅಂಕಕ್ಕೆ ನಿಲ್ಲುವುದೂ ಇಲ್ಲ, ಜಾತಿಗೂ ಅಂಟುತ್ತದೆ. ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕರು ದಾರಿ ಹುಡುಕುವ ಒಗಟು ಕೊಟ್ಟಿದ್ದರು. ಜಾತಿಯ ಮಾತೆತ್ತದಿದ್ದಾಗ ಎಲ್ಲರೂ ಹೆಚ್ಚುಕಡಿಮೆ ಸಮ. ಎಲ್ಲರೆದುರು ಜಾತಿ ಹೇಳಿದ ಮೇಲೆ ದಲಿತ ಹುಡುಗರು ಬಿಡಿಸಿದ ಒಗಟು ಕಡಿಮೆಯಾಯಿತು. ಬೈದವರು ಯಾರೂ ಇಲ್ಲ. ಬರೀ ಹೇಳಿದ್ದು.

ನನ್ನ ಮಾತಿನಿಂದ ಮಿಸ್ ಅವಳನ್ನು ಬೋರ್ಡಿಗೆ ಕರೆಯುವುದನ್ನು ಕಮ್ಮಿ ಮಾಡಿದರೋ ಏನೋ. ಉತ್ತರಕ್ಕೆ ಕಾಯುವ ಎರಡು ಸೆಕೆಂಡ್ ಕಡಿಮೆಯಾದರೂ ಮಗುವಿಗೆ ಗೊತ್ತಾಗಿಬಿಡುತ್ತದೆ.

ನನ್ನ ಮಾತು ಅಮ್ಮನ ಕಿವಿಗೆ ಬಿತ್ತು. 'ಯಾರೋ ಹಾಗಂದಿದ್ದು? ಇಪ್ಪತ್ತು ಜನರ ಚೀಟಿ ಲೆಕ್ಕ ಇಡೋದು ನಿಮ್ಮಪ್ಪನಾ?' ಎಂದು ಚೆನ್ನಾಗಿ ಉಗಿದಳು. ಈಗ ಸಂಜೆ ಅಜ್ಜಿ, ಮೊಮ್ಮಗಳು ಹಾಲಿನ ಲೆಕ್ಕ ಹಾಕುತ್ತಾರೆ. ಅವಳು ಇನ್ನೂ ತಪ್ಪುತ್ತಾಳೆ. ಅಜ್ಜಿಗೇನೂ ಅವಸರವಿಲ್ಲ.