ನಡುರಾತ್ರಿಯ ಬಿದಿಗೆ ಚಂದ್ರ

ಡ್ರ್ಯಾಗನ್ ಹಾರಾಡುವ ಕಾದಂಬರಿಯಲ್ಲಿ ಚಂದ್ರನ ಲೆಕ್ಕ ಹಿಡಿದು ಕೂತವರನ್ನು ಕಂಡರೆ ನಗುವವರಿದ್ದಾರೆ. "ಹಲ್ಲಿ ಬೆಂಕಿ ಉಗುಳೋದನ್ನ ಒಪ್ಕೊಂಡ್ರಿ, ಚಂದ್ರ ಹೊತ್ತಲ್ಲದ ಹೊತ್ತಲ್ಲಿ ಬಂದ್ರೆ ನಿಮ್ಮ ಗಂಟೇನು ಹೋಯ್ತು?" ಹೋಗುತ್ತೆ ಸ್ವಾಮಿ. ಈಚೆಗೆ ಓದಿ ಮುಗಿಸಿದ ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಪುಸ್ತಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಕೆಟ್ಟ ಪುಸ್ತಕಗಳು ಕೆಟ್ಟಿರುವುದು ದೊಡ್ಡ ಸುಳ್ಳಿನಿಂದಲ್ಲ, ಸಣ್ಣ ಸುಳ್ಳುಗಳಿಂದ. ಡ್ರ್ಯಾಗನ್ ಇದೆ ಅನ್ನೋದು ಲೇಖಕನಿಗೂ ಓದುಗನಿಗೂ ಮೊದಲ ಪುಟದಲ್ಲೇ ಆದ ಕರಾರು. ಚಂದ್ರ ಆ ಕರಾರಿನಲ್ಲಿ ಇಲ್ಲ.

ನಾಯಕಿ ನಡುರಾತ್ರಿ ಕೋಟೆಗೋಡೆ ಹತ್ತುತ್ತಾಳೆ, ನೆತ್ತಿಯ ಮೇಲೆ ಉಗುರಿನಂಥ ಚಂದ್ರ. ಎಷ್ಟು ಪುಸ್ತಕಗಳಲ್ಲಿ ಈ ದೃಶ್ಯ! ಬಿದಿಗೆಯ ಚಂದ್ರ ಆಕಾಶದಲ್ಲಿ ಸೂರ್ಯನಿಂದ 12ರಿಂದ 24 ಡಿಗ್ರಿಯಷ್ಟೇ ದೂರ. ಸೂರ್ಯ ಮುಳುಗಿ ಒಂದೂವರೆ ಗಂಟೆ ಆಗುವಷ್ಟರಲ್ಲಿ ಅವನೂ ಹೆಚ್ಚುಕಮ್ಮಿ ಮುಳುಗಿರುತ್ತಾನೆ. ನಡುರಾತ್ರಿ ಎತ್ತರದಲ್ಲಿರುವವನು ಹುಣ್ಣಿಮೆಯ ಆಸುಪಾಸಿನ ಚಂದ್ರ. ಶುಕ್ಲ ಅಷ್ಟಮಿಯವನು ಆ ಹೊತ್ತಿಗೆ ಮುಳುಗುತ್ತಿರುತ್ತಾನೆ, ಬಹುಳ ಅಷ್ಟಮಿಯವನು ಆಗಷ್ಟೇ ಮೂಡುತ್ತಿರುತ್ತಾನೆ. ಚಂದ್ರ ಮೂಡುವುದು ದಿನಕ್ಕೆ ಸರಾಸರಿ 50 ನಿಮಿಷ ತಡ. ಇಷ್ಟು ಗೊತ್ತಿದ್ದರೆ ಸಾಕು: ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ದಿನ, ಜಾಗ, ಚಂದ್ರ ಅಂತ ಮೂರು ಕಾಲಂ ಎಳೆದುಕೊಂಡು ಓದಿ. ಹತ್ತು ರಾತ್ರಿಯ ಪಯಣದಲ್ಲಿ ಎರಡು ಹುಣ್ಣಿಮೆ ಬಂದರೆ ಲೇಖಕ ತನ್ನ ಲೋಕದಲ್ಲಿ ವಾಸವಿಲ್ಲ, ಬರೀ ಬಾಡಿಗೆಗೆ ಬಂದು ಹೋಗುತ್ತಿದ್ದಾನೆ ಅಂತ ಅರ್ಥ.

'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆಯುವಾಗ ಟೋಲ್ಕೀನ್ ಕೂಡ ಇಲ್ಲೇ ಎಡವಿದ್ದರು. ಪಾತ್ರಗಳು ಬೇರೆ ಬೇರೆ ದಾರಿ ಹಿಡಿದ ಮೇಲೆ ಚಂದ್ರ ಒಂದು ಕಡೆ ಮೂಡುವ ಹೊತ್ತಿಗೇ ಇನ್ನೊಂದು ಕಡೆ ಮುಳುಗುತ್ತಿದ್ದ. 1944ರಲ್ಲಿ ಮಗನಿಗೆ ಬರೆದ ಕಾಗದದಲ್ಲಿ ಅದನ್ನು ಹೇಳಿಕೊಂಡಿದ್ದಾರೆ. ಹಿಂದಿನ ಅಧ್ಯಾಯಗಳನ್ನು ತಿದ್ದಿದರು. ಆ ಪುಸ್ತಕದ ದಾರಿಯ ದಣಿವು ಓದುವವರ ಕಾಲಿಗೂ ತಟ್ಟುತ್ತದಲ್ಲ, ಅದರ ಹಿಂದೆ ಇರುವುದು ಇಂಥ ಕೂಲಿ ಕೆಲಸ.

ಚಂದ್ರನ ನಂತರ ಕುದುರೆ. ಬಹುತೇಕ ಫ್ಯಾಂಟಸಿಗಳಲ್ಲಿ ಕುದುರೆ ಅಂದರೆ ಪೆಟ್ರೋಲ್ ಬೇಡದ ಬೈಕು. ನಿಜದ ಕುದುರೆಯ ನಡಿಗೆ ಗಂಟೆಗೆ 6–7 ಕಿ.ಮೀ. ನಾಗಾಲೋಟದಲ್ಲಿ 40 ದಾಟಬಹುದು, ಆದರೆ ಅದು ಕೆಲವೇ ಕಿಲೋಮೀಟರ್. ಆಮೇಲೂ ಚಾಟಿ ಬೀಸಿದರೆ ಕುಸಿಯುತ್ತದೆ. ದಿನಕ್ಕೆ 50 ಕಿ.ಮೀ.ಯಂತೆ ದಿನವೂ ಹೋಗುವುದೇ ದೊಡ್ಡದು. 1860ರಲ್ಲಿ ಅಮೆರಿಕದಲ್ಲಿ ಶುರುವಾದ ಪೋನಿ ಎಕ್ಸ್‌ಪ್ರೆಸ್ ಟಪಾಲು ಅಷ್ಟು ವೇಗವಾಗಿ ಓಡಿದ್ದು 15–25 ಕಿ.ಮೀ.ಗೊಮ್ಮೆ ಕುದುರೆ ಬದಲಾಯಿಸಿದ್ದರಿಂದ. 500 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು 10 ಕಿಲೋ ಒಣ ಮೇವು ಬೇಕು, 25–40 ಲೀಟರ್ ನೀರು ಬೇಕು.

ಸೈನ್ಯಕ್ಕೂ ಇದನ್ನೇ ಹಚ್ಚಿ. ಹತ್ತು ಸಾವಿರ ಸೈನಿಕರಿಗೆ ತಲೆಗೊಂದು ಕಿಲೋ ಧಾನ್ಯ ಅಂದರೆ ದಿನಕ್ಕೆ 10 ಟನ್. ಎರಡು ಸಾವಿರ ಕುದುರೆಗೆ, ಹುಲ್ಲು ದಾರಿಯಲ್ಲಿ ಸಿಕ್ಕೀತು ಅಂದುಕೊಂಡರೂ, ಐದೈದು ಕಿಲೋ ಕಾಳು: ಮತ್ತೆ 10 ಟನ್. ಗಾಡಿಗೆ ಅರ್ಧ ಟನ್ ಹೇರಿದರೆ ದಿನಕ್ಕೆ 40 ಗಾಡಿ, ತಿಂಗಳಿಗೆ 1,200. ಗಾಡಿ ಎಳೆಯುವ ಎತ್ತುಗಳ ಹೊಟ್ಟೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಆದ್ದರಿಂದ ಸೈನ್ಯ ಮರುಭೂಮಿಯನ್ನು ಎರಡು ಪ್ಯಾರಾದಲ್ಲಿ ದಾಟಿತೆಂದರೆ ಒಪ್ಪುವುದು ಕಷ್ಟ. ಮಾಂತ್ರಿಕನೊಬ್ಬ ಅನ್ನ ಸೃಷ್ಟಿಸಿಕೊಟ್ಟ ಅನ್ನಿ, ಒಪ್ಪುತ್ತೇನೆ. ಆದರೆ ಅನ್ನ ಸೃಷ್ಟಿಸಬಲ್ಲವನಿರುವ ರಾಜ್ಯದಲ್ಲಿ ಹಿಂದಿನ ಅಧ್ಯಾಯದ ಬರಗಾಲ ಯಾಕೆ ಬಂತು?

ಸೈನ್ಸ್ ಫಿಕ್ಷನ್ನಿನ ಕುದುರೆ ಅಂದರೆ ಗಿರಗಿರ ತಿರುಗುವ ಬಾಹ್ಯಾಕಾಶ ನೌಕೆ. ತಿರುಗಿಸಿ ತೂಕ ಹುಟ್ಟಿಸುವುದು ಸರಿಯಾದ ಉಪಾಯವೇ, ತಪ್ಪುವುದು ಅಳತೆ. ತ್ರಿಜ್ಯ 10 ಮೀಟರ್ ಇದ್ದರೆ ಭೂಮಿಯಷ್ಟು ತೂಕಕ್ಕೆ ನಿಮಿಷಕ್ಕೆ ಒಂಬತ್ತೂವರೆ ಸುತ್ತು ಬೇಕು. ಆಗ ಪಾದಕ್ಕಿಂತ ತಲೆಯ ಬಳಿ ಸೆಳೆತ ಶೇ. 17ರಷ್ಟು ಕಮ್ಮಿ, ಕತ್ತು ತಿರುಗಿಸಿದರೆ ಒಳಕಿವಿ ದಿಕ್ಕೆಟ್ಟು ವಾಂತಿ, ಕೈಜಾರಿದ ಲೋಟ ಕಾಲಬುಡಕ್ಕೆ ಬೀಳದೆ ಓರೆಗೆ ಬೀಳುತ್ತದೆ. ನಿಮಿಷಕ್ಕೆ ಎರಡೇ ಸುತ್ತು ಸಾಕು ಅನ್ನುವುದಾದರೆ ತ್ರಿಜ್ಯ ಸುಮಾರು 225 ಮೀಟರ್ ಆಗಬೇಕು.

ಹಾಗಂತ ಲೆಕ್ಕ ತಪ್ಪಿದ್ದೆಲ್ಲ ಕಸವಲ್ಲ. ಲಿಯು ಸಿಶಿನ್ ಅವರ 'ದಿ ತ್ರೀ-ಬಾಡಿ ಪ್ರಾಬ್ಲಮ್' ನಮಗೆ ತೀರಾ ಹತ್ತಿರದ ನಕ್ಷತ್ರವ್ಯೂಹದಲ್ಲಿ ಮೂರು ಸೂರ್ಯರನ್ನು ಮನಬಂದಂತೆ ಕುಣಿಸುತ್ತದೆ. ನಿಜದಲ್ಲಿ ಅಲ್ಲಿನ ಎರಡು ನಕ್ಷತ್ರಗಳು ಸುಮಾರು 80 ವರ್ಷಕ್ಕೊಮ್ಮೆ ಒಂದನ್ನೊಂದು ಶಿಸ್ತಾಗಿ ಸುತ್ತುತ್ತವೆ. ಮೂರನೆಯದು ಭೂಮಿ–ಸೂರ್ಯರ ಅಂತರದ ಸುಮಾರು 13,000 ಪಟ್ಟು ದೂರ. ಒಂದು ಸುತ್ತಿಗೆ ಐದು ಲಕ್ಷ ವರ್ಷಕ್ಕೂ ಹೆಚ್ಚು. ಆದರೂ ಆ ಕುಣಿತವನ್ನು ಒಪ್ಪಿದ ಮೇಲೆ ಅಲ್ಲಿನ ಜೀವಿಗಳ ಮೈ, ರಾಜಕೀಯ, ಭಯ ಎಲ್ಲವೂ ಅದರಿಂದಲೇ ಹುಟ್ಟುತ್ತವೆ. ಅದು ಕರಾರಿನ ಸುಳ್ಳು. 'ದಿ ಮಾರ್ಷಿಯನ್' ಕಾದಂಬರಿಯ ಶುರುವಿನಲ್ಲಿ ನಾಯಕನನ್ನು ಮಂಗಳದಲ್ಲಿ ಒಂಟಿಯಾಗಿಸುವ ಬಿರುಗಾಳಿಯೂ ಅಷ್ಟೇ. ಮಂಗಳದಲ್ಲಿ ಗಾಳಿ ಎಷ್ಟು ತೆಳುವೆಂದರೆ ಗಂಟೆಗೆ 100 ಕಿ.ಮೀ. ಬೀಸಿದರೂ ತಳ್ಳುವುದು ಇಲ್ಲಿಯ 13 ಕಿ.ಮೀ. ತಂಗಾಳಿಯಷ್ಟು. ಅದು ಗೊತ್ತಿದ್ದೇ ಬರೆದೆ ಅಂತ ಲೇಖಕ ಆಂಡಿ ವಿಯರ್ ಒಪ್ಪಿಕೊಂಡಿದ್ದಾರೆ.

ಓದುಗರ ಲೆಕ್ಕದಿಂದಲೇ ಪುಸ್ತಕ ಹುಟ್ಟಿದ ಉದಾಹರಣೆಯೂ ಉಂಟು. ಲ್ಯಾರಿ ನಿವೆನ್ 1970ರ 'ರಿಂಗ್‌ವರ್ಲ್ಡ್'ನಲ್ಲಿ ನಕ್ಷತ್ರವೊಂದರ ಸುತ್ತ ಅಖಂಡ ಬಳೆ ತೊಡಿಸಿದರು. ಬಳೆ ನಟ್ಟನಡುವಿನಿಂದ ಒಂದಿಷ್ಟು ಪಕ್ಕಕ್ಕೆ ಸರಿದರೆ ಮತ್ತೆ ಜಾಗಕ್ಕೆ ಮರಳುವುದಿಲ್ಲ, ಜಾರುತ್ತ ಹೋಗಿ ನಕ್ಷತ್ರಕ್ಕೇ ಬಡಿಯುತ್ತದೆ. 1971ರ ವಿಶ್ವ ಸೈನ್ಸ್ ಫಿಕ್ಷನ್ ಸಮಾವೇಶದಲ್ಲಿ ಅಮೆರಿಕದ ತಂತ್ರಜ್ಞಾನ ಸಂಸ್ಥೆ ಎಂಐಟಿಯ ವಿದ್ಯಾರ್ಥಿಗಳು ಇದನ್ನೇ ಘೋಷಣೆ ಕೂಗುತ್ತ ಓಡಾಡಿದರು. ನಿವೆನ್ ಮುಂದಿನ ಭಾಗ ಬರೆದು ಬಳೆಯ ಅಂಚಿಗೆ ಅದನ್ನು ಜಾಗದಲ್ಲಿ ನಿಲ್ಲಿಸುವ ಎಂಜಿನ್ನುಗಳನ್ನು ಕೂರಿಸಿದರು. 'ರಿಂಗ್‌ವರ್ಲ್ಡ್'ನ ಮೊದಲ ಮುದ್ರಣದಲ್ಲಿ ನಾಯಕ ತನ್ನ ಹುಟ್ಟುಹಬ್ಬದ ದಿನವನ್ನು ಹಿಗ್ಗಿಸಲು ಊರಿಂದೂರಿಗೆ ಪೂರ್ವದ ಕಡೆ ಜಿಗಿಯುತ್ತ ಹೋಗುತ್ತಾನೆ, ಪಶ್ಚಿಮಕ್ಕೆ ಹೋಗಬೇಕಿತ್ತು. ನಂತರದ ಮುದ್ರಣಗಳಲ್ಲಿ ಸರಿಪಡಿಸಿದರು. ಪುಸ್ತಕ ಸಂಗ್ರಹಿಸುವವರು ಈಗ ಹುಡುಕುವುದು ಮಾತ್ರ ಆ ತಪ್ಪಿರುವ ಪ್ರತಿಯನ್ನೇ.