ಸತ್ಯಾಂಶ: ಕೋಳಿ ಆಹಾರದ ಎಂಜೈಮ್ ಪುಡಿ ಹಾರ್ಮೋನ್ ಅಲ್ಲ

'ಫಾರಂ ಕೋಳಿಗೆ ಎಣ್ಣೆ ಕುಡಿಸಿ, ಎಂಜೈಮ್ ಅನ್ನೋ ಹಾರ್ಮೋನ್ ತಿನ್ನಿಸಿ 40 ದಿನಕ್ಕೆ ಉಬ್ಬಿಸ್ತಾರೆ' ಎಂಬ ಮಾತು ಕಲಬುರಗಿ, ಬೀದರ್ ಕಡೆಯ ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಿರುತ್ತದೆ. 40 ದಿನದ ಬೆಳವಣಿಗೆ ನಿಜ, ಆದರೆ ಅದು ದಶಕಗಳ ತಳಿ ಆಯ್ಕೆಯ ಫಲ.

ಎಂಜೈಮ್ ಹಾರ್ಮೋನ್ ಅಲ್ಲ, ಆಹಾರ ಜೀರ್ಣವಾಗಲು ನೆರವಾಗುವ ಒಂದು ಪ್ರೋಟೀನ್. ಮೆಕ್ಕೆಜೋಳ, ಸೋಯಾ ಹಿಂಡಿಯ ರಂಜಕದ (ಫಾಸ್ಫರಸ್) ಬಹುಪಾಲು ಫೈಟೇಟ್ ಎಂಬ ಸಂಯುಕ್ತದ ರೂಪದಲ್ಲಿ ಸಿಕ್ಕಿಕೊಂಡಿರುತ್ತದೆ. ಕೋಳಿ ಅದನ್ನು ತಾನಾಗಿ ಬಿಡಿಸಿಕೊಳ್ಳುವುದು ಕಡಿಮೆ. ಫೈಟೇಸ್ ಎಂಜೈಮ್ ಆ ಗಂಟು ಬಿಚ್ಚುತ್ತದೆ, ಕೊನೆಗೆ ತಾನೂ ಕರುಳಲ್ಲೇ ಜೀರ್ಣವಾಗುತ್ತದೆ. ಕೆ.ಜಿ. ಆಹಾರಕ್ಕೆ ಫೈಟೇಸ್ 500 ಯೂನಿಟ್ (ಎಂಜೈಮ್‌ನ ಶಕ್ತಿ ಅಳೆಯುವ ಮಾನ) ಸಾಮಾನ್ಯ ಪ್ರಮಾಣ. ಗ್ರಾಮಿಗೆ 5,000 ಯೂನಿಟ್ ಇರುವ ಪುಡಿಯಾದರೆ ಒಂದು ಟನ್ನಿಗೆ ಬರೀ 100 ಗ್ರಾಂ! ಅಷ್ಟನ್ನು ನೇರ ಮಿಕ್ಸರಿಗೆ ಸುರಿದರೆ ಒಂದು ಚೀಲಕ್ಕೆ ಹೆಚ್ಚು, ಇನ್ನೊಂದಕ್ಕೆ ಏನೂ ಇಲ್ಲ. ಮೊದಲು 5 ಕೆ.ಜಿ. ಮೆಕ್ಕೆಜೋಳದ ಹಿಟ್ಟಿನಲ್ಲಿ ಕಲಸಿ, ಆಮೇಲೆ ಹಾಕಬೇಕು. ಆಹಾರವನ್ನು ಒತ್ತಿ ಗುಳಿಗೆ (ಪೆಲೆಟ್) ಮಾಡುವ ಯಂತ್ರದ ಬಿಸಿ 85 ಡಿಗ್ರಿ ದಾಟಿದರೆ ಲೇಪನವಿಲ್ಲದ ಎಂಜೈಮ್ ಕೆಡುತ್ತದೆ, ದುಡ್ಡು ದಂಡ.

ಇನ್ನು ಎಣ್ಣೆ. ಕುಡಿಸುವುದೇನಿಲ್ಲ, ಆಹಾರದಲ್ಲಿ ಸಾಮಾನ್ಯವಾಗಿ ಶೇ 2ರಿಂದ 4 ಬೆರೆಸುತ್ತಾರೆ. ಮೆಕ್ಕೆಜೋಳಕ್ಕಿಂತ ಎರಡೂವರೆ ಪಟ್ಟು ಶಕ್ತಿ. ಜೀರ್ಣವಾಗುವಾಗ ಮೈಯಲ್ಲಿ ಹುಟ್ಟುವ ಬಿಸಿಯೂ ಕಡಿಮೆ. ಹೀಗಾಗಿ ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಅದು ಅನುಕೂಲವೇ. ಮೊದಲ ವಾರದ ಮರಿಗೆ ಮಾತ್ರ ಪಿತ್ತರಸ, ಕೊಬ್ಬು ಜೀರ್ಣಿಸುವ ಎಂಜೈಮ್ ಆದ ಲಿಪೇಸ್ ಸಾಲದು: ಗಟ್ಟಿ ಕೊಬ್ಬು ಜೀರ್ಣವಾಗದೆ ಹಿಕ್ಕೆ ಜಿಡ್ಡಾಗುತ್ತದೆ, ಸೋಯಾ ಎಣ್ಣೆ ವಾಸಿ. ಅತಿಯಾದರೆ ಪೆಲೆಟ್ ಪುಡಿಯಾಗುತ್ತದೆ, ಹೊಟ್ಟೆಯಲ್ಲಿ ಕೊಬ್ಬು ಕೂಡುತ್ತದೆ. ಕಮಟು ವಾಸನೆ ಹೊಡೆದ ಎಣ್ಣೆ ಬೇಡವೇ ಬೇಡ, ಆಹಾರದ ವಿಟಮಿನ್ ಇ ಅದಕ್ಕೇ ಬಲಿಯಾಗುತ್ತದೆ.